ಗಿಟಾರ್ ರಿಪೇರಿಯವರನ್ನು ಕೇಳಿ: ಕ್ಲಾಪ್ಟನ್ ಗಿಟಾರುಗಳ ಜಾತಕ

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಬಗ್ಗೆ ಸುಮ್ನೆ ಒಂದು ಮಾತು ಬರೆದಿದ್ದೆ. ಅರವತ್ತರ ದಶಕದಿಂದ ಅವರ ಕೈಗೆ ಬಂದು ಹೋದ ಎಲೆಕ್ಟ್ರಿಕ್ ಗಿಟಾರುಗಳ ಬೆನ್ನು ಹತ್ತಿದ ಅಭಿಮಾನಿಗಳು ಊರೂರಲ್ಲಿ ಇದ್ದಾರೆ, ಹಳೇ ಗಿಟಾರ್ ಮಾರುವವರಿಗಿಂತ ಇವರ ಮಾತನ್ನೇ ನಾನು ಜಾಸ್ತಿ ನಂಬುತ್ತೇನೆ ಅಂತ. ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಯಾವ ದಪ್ಪದ ತಂತಿ ಹಾಕಬೇಕು ಅಂತ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಸರ್, ಕ್ಲಾಪ್ಟನ್ ಅವರ ಕಪ್ಪು ಸ್ಟ್ರ್ಯಾಟೊಕಾಸ್ಟರ್ ‘ಬ್ಲ್ಯಾಕಿ’ 1956ರದ್ದು ಅಂತ ಒಂದು ಕಡೆ ಓದಿದೆ. 1957ರದ್ದು ಅಂತ ಇನ್ನೊಂದು ಕಡೆ. ಯಾವುದು ಸರಿ?
– ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ಎರಡೂ ಸರಿ. ಯಾಕೆಂದರೆ ಬ್ಲ್ಯಾಕಿ ಹುಟ್ಟಿದ್ದೇ ಮೂರು ಗಿಟಾರುಗಳಿಂದ.

1970ರಲ್ಲಿ ಕ್ಲಾಪ್ಟನ್ ಅಮೆರಿಕದ ನ್ಯಾಶ್‌ವಿಲ್ ಊರಿನ ಶೋ-ಬಡ್ ಅಂಗಡಿಗೆ ಹೋದರು. ಅಲ್ಲಿ ಐವತ್ತರ ದಶಕದ ಸ್ಟ್ರ್ಯಾಟೊಕಾಸ್ಟರ್‌ಗಳು ಸೆಕೆಂಡ್‌ಹ್ಯಾಂಡ್ ಬೆಲೆಗೆ ಸಿಗುತ್ತಿದ್ದವು. ಆಗ ಅವಕ್ಕೆ ಈಗಿನ ಕಿಮ್ಮತ್ತು ಇರಲಿಲ್ಲ. ಒಂದು ಕಟ್ಟು ಕೊಂಡರು. ಸಂಗೀತಗಾರ ಗೆಳೆಯರಾದ ಜಾರ್ಜ್ ಹ್ಯಾರಿಸನ್, ಪೀಟ್ ಟೌನ್‌ಶೆಂಡ್, ಸ್ಟೀವ್ ವಿನ್‌ವುಡ್ ಮೂವರಿಗೂ ಒಂದೊಂದು ಕೊಟ್ಟರು. ತಾವು ಇಟ್ಟುಕೊಂಡ ಮೂರನ್ನು ಬಿಚ್ಚಿಸಿ, ಒಂದರ ಬಾಡಿ, ಇನ್ನೊಂದರ ನೆಕ್ (ಎಡಗೈ ಹಿಡಿಯುವ ಉದ್ದನೆ ಕತ್ತು), ಮತ್ತೊಂದರ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಹೀಗೆ ಚೆನ್ನಾಗಿದ್ದದ್ದನ್ನೆಲ್ಲ ಆರಿಸಿ ಒಂದು ಗಿಟಾರ್ ಮಾಡಿಕೊಂಡರು. ಅದೇ ಬ್ಲ್ಯಾಕಿ.

ಇದು ಸಾಧ್ಯವಾದದ್ದು ಸ್ಟ್ರ್ಯಾಟೊಕಾಸ್ಟರ್ ಮಾಡಿದ ಫೆಂಡರ್ ಕಂಪನಿಯ ಲಿಯೋ ಫೆಂಡರ್ ಅವರ ಬುದ್ಧಿಯಿಂದ. ಅವರು ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. (ನಮ್ಮ ಜಾತಿಯವರೇ.) ರಿಪೇರಿಯವನ ಕಷ್ಟ ಗೊತ್ತಿದ್ದರಿಂದ ನೆಕ್ಕನ್ನು ಅಂಟು ಹಾಕಿ ಕೂರಿಸಲಿಲ್ಲ. ಹಿಂದೆ ಒಂದು ಲೋಹದ ಪಟ್ಟಿ, ನಾಲ್ಕು ಸ್ಕ್ರೂ, ಅಷ್ಟೇ. ಸ್ಕ್ರೂಡ್ರೈವರ್ ಇದ್ದರೆ ಸಂಜೆಯೊಳಗೆ ಎರಡು ಗಿಟಾರಿನ ನೆಕ್ ಅದಲು ಬದಲು ಮಾಡಬಹುದು. ಅದಕ್ಕೇ ಫೆಂಡರ್ ಗಿಟಾರ್ ತಂದು ‘ಇದು ಯಾವ ವರ್ಷದ್ದು’ ಅಂತ ಯಾರಾದರೂ ಕೇಳಿದರೆ, ‘ಯಾವ ಭಾಗ’ ಅಂತ ನಾನು ತಿರುಗಿ ಕೇಳುತ್ತೇನೆ.

ಬ್ಲ್ಯಾಕಿ ವೇದಿಕೆಗೆ ಬಂದದ್ದು 1973ರ ಜನವರಿಯಲ್ಲಿ, ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ. ಎಂಬತ್ತರ ದಶಕದ ಮಧ್ಯದವರೆಗೆ ಕ್ಲಾಪ್ಟನ್‌ಗೆ ಅದೇ ಮುಖ್ಯ ಗಿಟಾರ್. ನುಡಿಸಿ ನುಡಿಸಿ ನೆಕ್ ಎಷ್ಟು ಸವೆಯಿತೆಂದರೆ ಕೊನೆಗೆ ಅವರೇ ಅದಕ್ಕೆ ವಿಶ್ರಾಂತಿ ಕೊಟ್ಟರು. 2004ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಆ ಹಣ ಆಂಟಿಗುವಾ ದ್ವೀಪದಲ್ಲಿ ಅವರು ಕಟ್ಟಿಸಿದ ವ್ಯಸನಮುಕ್ತಿ ಕೇಂದ್ರಕ್ಕೆ ಸಂದಿತು. ಐದು ವರ್ಷ ಮುಂಚೆ, 1999ರಲ್ಲಿ, ಅದೇ ಕೇಂದ್ರಕ್ಕಾಗಿ ‘ಬ್ರೌನಿ’ ಅನ್ನುವ 1956ರ ಕಂದು ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಗಾಢವಾಗುವ ಬಣ್ಣ) ಸ್ಟ್ರ್ಯಾಟೊಕಾಸ್ಟರನ್ನೂ ಮಾರಿದ್ದರು. ಅದಕ್ಕೆ 4,97,500 ಡಾಲರ್ ಬಂತು. ಬ್ರೌನಿಯನ್ನು ಅವರು ಕೊಂಡದ್ದು 1967ರಲ್ಲಿ ಲಂಡನ್ನಿನಲ್ಲಿ.

ಮೂರು ಗಿಟಾರ್ ಬೆರೆಸಿದ ಮೇಲೆ ಅದು ‘ಅಸಲಿ’ ಹೇಗಾಯಿತು ಅಂತ ಮೂಗು ಮುರಿಯುವ ಸಂಗ್ರಾಹಕರಿದ್ದಾರೆ. ನನ್ನ ಪ್ರಕಾರ ಬ್ಲ್ಯಾಕಿಯಷ್ಟು ಪ್ರಾಮಾಣಿಕ ಹಳೇ ಗಿಟಾರ್ ಇನ್ನೊಂದಿಲ್ಲ. ತಾನು ಕಲಬೆರಕೆ ಅಂತ ಮೊದಲ ದಿನದಿಂದ ಹೇಳಿಕೊಂಡೇ ಬಂದಿದೆ. ‘ನೂರಕ್ಕೆ ನೂರು ಒರಿಜಿನಲ್’ ಅಂತ ಚೀಟಿ ಅಂಟಿಸಿಕೊಂಡು ಬರುತ್ತವಲ್ಲ, ನನಗೆ ಅವುಗಳ ಮೇಲೇ ಅನುಮಾನ.

ಪ್ರಶ್ನೆ: ಹಳೇ ಫೋಟೋ ನೋಡಿ ‘ಇದೇ ಆ ಗಿಟಾರ್’ ಅಂತ ಹೇಗೆ ಹೇಳುತ್ತಾರೆ? ಒಂದು ಮಾದರಿಯ ಗಿಟಾರುಗಳೆಲ್ಲ ನೋಡಲು ಒಂದೇ ಥರ ಇರುತ್ತವಲ್ಲ? ಮುಖ ಗುರುತಿಸುವ ಸಾಫ್ಟ್‌ವೇರ್ ಥರ ಏನಾದರೂ ಇದೆಯಾ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಹೆಚ್ಚುಕಡಿಮೆ ಅದೇ ಕೆಲಸ ಮಾಡಿ ಗೆದ್ದವರಿದ್ದಾರೆ. ಕ್ಲಾಪ್ಟನ್ ಬಿಟ್ಟು ಒಂದು ನಿಮಿಷ ಕೆನಡಾಕ್ಕೆ ಹೋಗೋಣ. ಅಲ್ಲಿನ ರಾಕ್ ಸಂಗೀತಗಾರ ರ್ಯಾಂಡಿ ಬ್ಯಾಕ್‌ಮನ್ ಹುಡುಗನಾಗಿದ್ದಾಗ ದುಡ್ಡು ಕೂಡಿಸಿ 1957ರ ಕಿತ್ತಳೆ ಬಣ್ಣದ ಗ್ರೆಚ್ ಗಿಟಾರ್ ಕೊಂಡಿದ್ದರು. ಎಪ್ಪತ್ತರ ದಶಕದಲ್ಲಿ ಟೊರಾಂಟೊದ ಹೋಟೆಲಿನಿಂದ ಅದು ಕಳುವಾಯಿತು. ನಲವತ್ತು ವರ್ಷ ಹುಡುಕಿದರೂ ಸುಳಿವಿಲ್ಲ. 2020ರಲ್ಲಿ ಕೆನಡಾದ ಒಬ್ಬ ಅಭಿಮಾನಿ ಮನೆಯಲ್ಲಿ ಕೂತು ಹುಡುಕಾಟ ಶುರು ಮಾಡಿದರು. ಬ್ಯಾಕ್‌ಮನ್ ಅವರ ಹಳೇ ದೃಶ್ಯಗಳಲ್ಲಿ ಆ ಗಿಟಾರಿನ ಮರದ ಗೆರೆ ಹೇಗಿದೆ ಎಂದು ನೋಡಿಕೊಂಡು, ಮಾರಾಟಕ್ಕೆ ಬಂದಿದ್ದ ಅದೇ ಮಾದರಿಯ ಗಿಟಾರುಗಳ ಚಿತ್ರಗಳ ಜೊತೆ ಒಂದೊಂದಾಗಿ ಹೋಲಿಸಿದರು. ಜಪಾನಿನ ಒಬ್ಬ ಸಂಗೀತಗಾರ 2019ರ ಕ್ರಿಸ್‌ಮಸ್ ಹೊತ್ತಿಗೆ ನುಡಿಸಿದ ವಿಡಿಯೋದಲ್ಲಿ ಗೆರೆ ತಾಳೆಯಾಯಿತು. 2022ರ ಜುಲೈ 1ರಂದು ಟೋಕಿಯೋದಲ್ಲಿ ಬ್ಯಾಕ್‌ಮನ್ ಅದೇ ವರ್ಷದ ಅದೇ ಮಾದರಿಯ ಇನ್ನೊಂದು ಗ್ರೆಚ್ ಕೊಟ್ಟು ತಮ್ಮದನ್ನು ವಾಪಸ್ ಪಡೆದರು.

ಈಗ ನಿಮ್ಮ ಪ್ರಶ್ನೆಗೆ. ಕಾರ್ಖಾನೆ ಒಂದೇ, ಅಳತೆ ಒಂದೇ, ಆದರೆ ಎರಡು ಮರಗಳ ಗೆರೆ ಒಂದೇ ಥರ ಇರೋದಿಲ್ಲ. ನಮ್ಮ ಹೆಬ್ಬೆರಳಿನ ಗುರುತಿನ ಹಾಗೆ. ಗಿಬ್ಸನ್ ಕಂಪನಿ 1958ರಿಂದ 1960ರವರೆಗೆ ಮಾಡಿದ ಸನ್‌ಬರ್ಸ್ಟ್ ಲೆಸ್ ಪಾಲ್ ಇದೆಯಲ್ಲ, ಅದರ ಮುಖಕ್ಕೆ ಎರಡು ತುಂಡು ಮೇಪಲ್ ಹಲಗೆ ಜೋಡಿಸಿ, ಮೇಲೆ ಪಾರದರ್ಶಕ ಬಣ್ಣ ಹೊಡೆದಿರುತ್ತಾರೆ. ಮರ ಎದ್ದು ಕಾಣುತ್ತದೆ. ಗುರುತಿಸಲು ಇದಕ್ಕಿಂತ ಸುಲಭದ ಗಿಟಾರ್ ಇಲ್ಲ ಅಂತ ನಿಮಗೆ ಅನ್ನಿಸಬಹುದು. ಇಲ್ಲೇ ಹೊಸಬರು ಎಡವೋದು. ಎಲ್ಲರ ಕಣ್ಣು ಹೋಗೋದು ಅಡ್ಡಡ್ಡ ಬರುವ ಹುಲಿಪಟ್ಟೆಗಳ ಮೇಲೆ. ಆ ಪಟ್ಟೆ ಬೆಳಕಿನ ಆಟ. ದೀಪ ಎಡದಿಂದ ಬಿದ್ದರೆ ಒಂದು ಥರ, ಬಲದಿಂದ ಬಿದ್ದರೆ ಇನ್ನೊಂದು ಥರ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಮಾಯವಾದರೂ ಆಯಿತು. ನಂಬಬೇಕಾದದ್ದು ಉದ್ದಕ್ಕೆ ಓಡುವ ಸಣ್ಣ ಗೆರೆಗಳನ್ನು, ಮರದೊಳಗಿನ ಕಪ್ಪು ಚುಕ್ಕೆ ಕಲೆಗಳನ್ನು. ಅವು ಬೆಳಕಿಗೆ ಜಗ್ಗೋದಿಲ್ಲ.

ಬ್ಲ್ಯಾಕಿಯಂಥ ಗಿಟಾರಿನಲ್ಲಿ ಈ ಆಟ ನಡೆಯೋದಿಲ್ಲ. ಕಪ್ಪು ಬಣ್ಣದಡಿ ಮರವೇ ಕಾಣದು. ಅಲ್ಲಿ ಗಾಯಗಳನ್ನು ಓದಬೇಕು. ಮುಂಗೈ ತಿಕ್ಕಿ ಬಣ್ಣ ಹೋದ ಜಾಗ, ಬೆಲ್ಟಿನ ಬಕಲ್ ಗೀರಿದ ಬೆನ್ನು, ತಂತಿಯ ತುದಿಗೆ ಸಿಗರೇಟು ಸಿಕ್ಕಿಸಿ ಮರೆತದ್ದಕ್ಕೆ ನೆಕ್ಕಿನ ತುದಿಯ ಹೆಡ್‌ಸ್ಟಾಕ್ ಮೇಲೆ ಆದ ಸುಟ್ಟ ಕಲೆ. ಗಾಯದ ಗುಣ ಏನೆಂದರೆ ಅದು ಹೆಚ್ಚುತ್ತದೆಯೇ ಹೊರತು ಕಮ್ಮಿ ಆಗೋದಿಲ್ಲ. ಹಾಗಾಗಿ ತಾರೀಖು ಗೊತ್ತಿಲ್ಲದ ಎರಡು ಫೋಟೋ ಇದ್ದರೆ ಗಾಯ ಕಡಿಮೆ ಇರುವುದೇ ಮೊದಲಿನದು. ಮೊದಲಿನ ಫೋಟೋದಲ್ಲಿ ಇದ್ದ ಆಳವಾದ ಕಲೆ ಆಮೇಲಿನ ಫೋಟೋದಲ್ಲಿ ಇಲ್ಲ ಎಂದರೆ ಒಂದೋ ಗಿಟಾರ್ ಬೇರೆ, ಇಲ್ಲವೇ ಯಾರೋ ಬಣ್ಣ ಹೊಡೆದಿದ್ದಾರೆ.

ಇನ್ನೊಂದು ಎಚ್ಚರಿಕೆ. ಆ ಕಾಲದ ಫೋಟೋಗಳನ್ನು ಪತ್ರಿಕೆಯವರು ಎಷ್ಟೋ ಸಲ ಎಡಬಲ ತಿರುಗಿಸಿ ಅಚ್ಚು ಹಾಕಿದ್ದಾರೆ. ಕ್ಲಾಪ್ಟನ್ ಎಡಗೈಯಲ್ಲಿ ನುಡಿಸುವ ಹಾಗೆ ಕಂಡರೆ ಆಶ್ಚರ್ಯ ಬೇಡ, ಶರ್ಟಿನ ಗುಂಡಿ ನೋಡಿ. ಅಂಥ ಫೋಟೋದಲ್ಲಿ ಬಲಗಡೆ ಕಾಣುವ ಕಲೆಯನ್ನು ಗಿಟಾರಿನ ಎಡಗಡೆ ಹುಡುಕಬೇಕು.

ಪ್ರಶ್ನೆ: ಗಿಟಾರಿಗೆ ಪೂರ್ತಿ ಹೊಸ ಬಣ್ಣ ಬಳಿದುಬಿಟ್ಟರೆ ನಿಮ್ಮ ಪತ್ತೇದಾರಿಕೆ ಮುಗೀತಲ್ಲ?
– ಚಿತ್ರಕಲಾ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಅರ್ಧ ಮುಗೀತು. ಕ್ಲಾಪ್ಟನ್ ಬಳಿ ಇದ್ದ ಗಿಬ್ಸನ್ ಎಸ್‌ಜಿ ಒಂದಕ್ಕೆ 1967ರಲ್ಲಿ ‘ದಿ ಫೂಲ್’ ಎಂಬ ಡಚ್ ಕಲಾವಿದರ ಗುಂಪು ಬಣ್ಣದ ಚಿತ್ರ ಬರೆದಿತ್ತು. ಕ್ಲಾಪ್ಟನ್ ಇದ್ದ ಕ್ರೀಮ್ ಬ್ಯಾಂಡಿನ ಕಾಲದ ಫೋಟೋಗಳಲ್ಲಿ ಥಟ್ಟನೆ ಗುರುತು ಸಿಗುತ್ತದೆ. ಅದು ಗಾಯಕ ಜ್ಯಾಕಿ ಲೋಮ್ಯಾಕ್ಸ್ ಕೈ ದಾಟಿ ಸಂಗೀತಗಾರ ಟಾಡ್ ರಂಡ್‌ಗ್ರನ್‌ಗೆ ಹೋಯಿತು. ಬಣ್ಣ ಉದುರುತ್ತಿತ್ತು, ಅಲ್ಲಲ್ಲಿ ಮತ್ತೆ ಬಳಿಸಿದರು. ಈಗ ಕಾಣುವ ಚಿತ್ರದಲ್ಲಿ ಹಳೆಯದು ಯಾವುದು, ತಿದ್ದಿದ್ದು ಯಾವುದು ಅಂತ ಹೇಳಲು ಅಭಿಮಾನಿಗಳು 1967–68ರ ಫೋಟೋಗಳನ್ನೇ ಹಿಡಿದು ಕೂರಬೇಕು. ಈ ಗಿಟಾರಿಗೆ ಮಾತ್ರ ಒಂದು ಅನುಕೂಲ ಇತ್ತು. ರಂಡ್‌ಗ್ರನ್‌ವರೆಗೆ ಅದು ಕೈಯಿಂದ ಕೈಗೆ ಹೋದದ್ದು ಹೆಸರು ಗೊತ್ತಿರುವವರ ನಡುವೆಯೇ. 2023ರಲ್ಲಿ 12 ಲಕ್ಷ ಡಾಲರಿಗೂ ಮೇಲೆ ಹರಾಜಾಯಿತು. ನಿಮಗೆ ರಿಪೇರಿ ಬೆಂಚಿನ ಒಂದು ಉಪಾಯ ಹೇಳುತ್ತೇನೆ. ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿಯಿರಿ. ಹಳೇ ಲ್ಯಾಕರ್ ಒಂದು ಥರ ಹೊಳೆಯುತ್ತದೆ, ಆಮೇಲೆ ಬಳಿದ ಜಾಗ ಬೇರೆ ಥರ.

ಪ್ರಶ್ನೆ: ಕ್ಲಾಪ್ಟನ್ ಕಳೆದುಕೊಂಡ ‘ಬೀನೋ’ ಲೆಸ್ ಪಾಲ್ ಅಮೆರಿಕದಲ್ಲಿ ಯಾರ ಹತ್ತಿರವೋ ಇದೆಯಂತೆ. ನಿಜವೇ?
– ಬ್ಯಾಂಡ್ ಗಿಟಾರ್ ವಾದಕ, ಶಿವಮೊಗ್ಗ

ಉತ್ತರ: ಹೇಳಿದವರು ಸಣ್ಣವರಲ್ಲ. ಗಿಟಾರ್ ವಾದಕ, ದೊಡ್ಡ ಸಂಗ್ರಾಹಕ ಜೋ ಬೊನಾಮಸ್ಸಾ 2016ರಲ್ಲಿ ಹೇಳಿದ್ದು. ಅಮೆರಿಕದ ಪೂರ್ವ ಕರಾವಳಿಯ ಒಬ್ಬರ ಸಂಗ್ರಹದಲ್ಲಿದೆ ಎಂದರು. ಆದರೆ ಗಿಟಾರ್ ಇನ್ನೂ ಎಲ್ಲರ ಕಣ್ಣ ಮುಂದೆ ಬಂದಿಲ್ಲ. ಬರುವವರೆಗೆ ನನ್ನ ಲೆಕ್ಕದಲ್ಲಿ ಅದು ಸುದ್ದಿ, ಅಷ್ಟೇ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 1965ರಲ್ಲಿ ಕ್ಲಾಪ್ಟನ್ ಲಂಡನ್ನಿನ ಚೇರಿಂಗ್ ಕ್ರಾಸ್ ರಸ್ತೆಯ ಅಂಗಡಿಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಲೆಸ್ ಪಾಲ್ ಕೊಂಡರು. ಬ್ಲೂಸ್ ಗಿಟಾರ್ ವಾದಕ ಫ್ರೆಡ್ಡಿ ಕಿಂಗ್ ಅವರ ಆಲ್ಬಮ್ಮಿನ ರಟ್ಟಿನ ಮೇಲೆ ಲೆಸ್ ಪಾಲ್ ನೋಡಿ ಹುಟ್ಟಿದ ಆಸೆ ಅದು. ಮರುವರ್ಷ ಜಾನ್ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್ ಜೊತೆ, ಮಾರ್ಷಲ್ ಆಂಪ್ಲಿಫೈಯರನ್ನು ಜೋರಾಗಿ ಇಟ್ಟು, ಆ ಗಿಟಾರಿನಲ್ಲಿ ಒಂದು ಆಲ್ಬಮ್ ರೆಕಾರ್ಡ್ ಮಾಡಿದರು. ಆ ದನಿ ಕೇಳಿ ಇಂಗ್ಲೆಂಡಿನ ಹುಡುಗರೆಲ್ಲ ಹಳೇ ಲೆಸ್ ಪಾಲ್ ಹುಡುಕತೊಡಗಿದರು. ಗಿಬ್ಸನ್ ಕಂಪನಿ ಆ ಆಕಾರವನ್ನು 1961ರಲ್ಲೇ ಕೈಬಿಟ್ಟಿತ್ತು, ಕೊಳ್ಳುವವರಿಲ್ಲ ಅಂತ. 1968ರಲ್ಲಿ ಮತ್ತೆ ಶುರು ಮಾಡಬೇಕಾಯಿತು.

ಆ ಆಲ್ಬಮ್ಮಿನ ಮುಂದಿನ ರಟ್ಟಿನಲ್ಲಿ ಕ್ಲಾಪ್ಟನ್ ‘ಬೀನೋ’ ಎಂಬ ಮಕ್ಕಳ ಚಿತ್ರಕಥೆ ಪತ್ರಿಕೆ ಓದುತ್ತಾ ಕೂತಿದ್ದಾರೆ. ಗಿಟಾರಿಗೆ ಆ ಹೆಸರು ಅಲ್ಲಿಂದ ಬಂತು. ತಮಾಷೆ ಎಂದರೆ ಆ ಚಿತ್ರದಲ್ಲಿ ಗಿಟಾರೇ ಇಲ್ಲ! 1966ರಲ್ಲಿ ಕ್ರೀಮ್ ಬ್ಯಾಂಡ್ ರಿಹರ್ಸಲ್ ಮಾಡುತ್ತಿದ್ದಾಗ ಯಾರೋ ಅದನ್ನು ಎತ್ತಿಕೊಂಡು ಹೋದರು. ಆಮೇಲೆ ಕ್ಲಾಪ್ಟನ್ ಇನ್ನೊಂದು ಲೆಸ್ ಪಾಲನ್ನು ಆ್ಯಂಡಿ ಸಮ್ಮರ್ಸ್ ಅವರಿಂದ ಕೊಂಡರು. ಮುಂದೆ ‘ದಿ ಪೊಲೀಸ್’ ಬ್ಯಾಂಡಿನಲ್ಲಿ ಹೆಸರು ಮಾಡಿದರಲ್ಲ, ಅವರೇ. ಕ್ರೀಮ್ ಕಾಲದ ಫೋಟೋ ನೋಡಿ ‘ಬೀನೋ ಸಿಕ್ಕಿತು’ ಅಂತ ಕುಣಿಯುವವರು ಈ ಎರಡನೆಯದನ್ನು ಮರೆತಿರುತ್ತಾರೆ.

ಬೀನೋ ಪತ್ತೆ ಯಾಕೆ ಕಷ್ಟ ಎಂದರೆ, ಅದರ ಸೀರಿಯಲ್ ನಂಬರನ್ನು ಯಾರೂ ಬರೆದಿಟ್ಟಿರಲಿಲ್ಲ. ನೆಕ್ ತೆಳ್ಳಗಿತ್ತು ಅನ್ನುವ ನೆನಪಿನ ಮೇಲೆ 1960ರದ್ದು ಎನ್ನುವವರು ಜಾಸ್ತಿ. ಆ ವರ್ಷ ಗಿಬ್ಸನ್ ನೆಕ್ಕನ್ನು ತೆಳು ಮಾಡಿತ್ತು, ಹಾಗಾಗಿ ತರ್ಕ ಸರಿಯಾಗೇ ಇದೆ. ಆದರೆ ಇರುವ ಫೋಟೋಗಳು ಕೆಲವೇ, ಅದರಲ್ಲೂ ಹೆಚ್ಚಿನವು ಕಪ್ಪು ಬಿಳುಪು. ಕ್ಲಾಪ್ಟನ್ ಕೈ ಅಡ್ಡ ಬಂದು ಮರದ ಮುಖ್ಯ ಭಾಗವೇ ಮುಚ್ಚಿಹೋಗಿರುತ್ತದೆ. 1958ರಿಂದ 1960ರವರೆಗಿನ ಮೂರು ವರ್ಷಗಳಲ್ಲಿ ಇಂಥ ಸನ್‌ಬರ್ಸ್ಟ್ ಲೆಸ್ ಪಾಲ್‌ಗಳು ಸುಮಾರು ಒಂದೂವರೆ ಸಾವಿರ ತಯಾರಾದವು. ಬೀನೋ ನಾಳೆ ಎದುರಿಗೆ ಬಂದರೂ ತಾಳೆ ನೋಡಲು ಸಿಗುವುದು ಪಿಕಪ್ ಪಕ್ಕದ ಒಂದಿಷ್ಟು ಗೆರೆ ಮಾತ್ರ.

ಹಾಗಂತ ಆಸೆ ಬಿಡಬೇಡಿ. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ ಗಿಟಾರ್ 1972ರ ಅಕ್ಟೋಬರಿನಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ನಿಂತಿದ್ದ ವ್ಯಾನಿನಿಂದ ಕಳುವಾಗಿತ್ತು. ಹುಡುಕಾಟಕ್ಕೆ ಇಳಿದವರು ‘ಗೊತ್ತಿದ್ದವರು ಹೇಳಿ’ ಅಂತ ಜನರನ್ನೇ ಕೇಳಿದರು. ಸಸೆಕ್ಸ್‌ನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು. 2024ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಂತು. ಹಾಫ್ನರ್ ಕಂಪನಿಯವರೇ ಪರೀಕ್ಷೆ ಮಾಡಿ ಅಸಲಿ ಎಂದರು. ಅಟ್ಟದಲ್ಲಿ ಇಟ್ಟಿದ್ದವರು ಅದನ್ನು ಮಾರಲು ಹೋಗಿರಲಿಲ್ಲ. ಅಂಗಡಿಗಳಲ್ಲಿ ಹುಡುಕಿದ್ದರೆ ಯಾವತ್ತೂ ಸಿಗುತ್ತಿರಲಿಲ್ಲ.

ಪ್ರಶ್ನೆ: ಇದೆಲ್ಲ ಯಾಕೆ ಸ್ವಾಮಿ? ಹಾಡು ಕೇಳಿದರೆ ಸಾಲದೇ?
– ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಉತ್ತರ: ಧಾರಾಳವಾಗಿ ಸಾಕು. ಆದರೆ ಕೇಳುವಾಗ ಒಂದು ವಿಷಯ ನೆನಪಿಟ್ಟುಕೊಳ್ಳಿ. ಬೀಟಲ್ಸ್‌ನ ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಹಾಡಿನಲ್ಲಿ ಅಳುವ ಗಿಟಾರ್ ಜಾರ್ಜ್ ಹ್ಯಾರಿಸನ್ ನುಡಿಸಿದ್ದಲ್ಲ. 1968ರ ಸೆಪ್ಟೆಂಬರ್ 6ರಂದು ಕ್ಲಾಪ್ಟನ್ ಬಂದು ನುಡಿಸಿ ಹೋದರು. ನುಡಿಸಿದ್ದು ಹ್ಯಾರಿಸನ್‌ರ ಕೆಂಪು ಲೆಸ್ ಪಾಲ್ ‘ಲೂಸಿ’ಯಲ್ಲಿ. ಅದನ್ನು ಹ್ಯಾರಿಸನ್‌ಗೆ ಕೊಟ್ಟಿದ್ದೂ ಕ್ಲಾಪ್ಟನ್‌ರೇ, ಹಿಂದಿನ ತಿಂಗಳು. ಅಂದರೆ ತಾವು ಕೊಟ್ಟ ಗಿಟಾರನ್ನೇ ತಾವು ನುಡಿಸಿದ್ದು.

ಲೂಸಿ ಮೂಲದಲ್ಲಿ ಕೆಂಪೂ ಅಲ್ಲ. 1957ರ ಚಿನ್ನದ ಬಣ್ಣದ ಗಿಟಾರ್ ಅದು. ಅಮೆರಿಕದಲ್ಲಿ ಸಂಗೀತಗಾರರಾದ ಜಾನ್ ಸೆಬಾಸ್ಟಿಯನ್, ರಿಕ್ ಡೆರಿಂಜರ್ ಕೈ ದಾಟಿ, ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಗೇ ವಾಪಸ್ ಹೋಗಿ ಕೆಂಪಾಗಿ ಬಂತು. 1973ರಲ್ಲಿ ಹ್ಯಾರಿಸನ್ ಮನೆಯಿಂದ ಕಳುವಾಯಿತು. ಕೊಂಡವರನ್ನು ಹುಡುಕಿ, ಬದಲಿಗೆ ಇನ್ನೊಂದು ಲೆಸ್ ಪಾಲ್ ಮತ್ತು ಒಂದು ಫೆಂಡರ್ ಬೇಸ್ ಕೊಟ್ಟು ಬಿಡಿಸಿಕೊಂಡರು. ಕದ್ದ ಮಾಲು ವಾಪಸ್ ತರಲು ಮಾಲೀಕನೇ ಕೈಯಿಂದ ಕೊಡಬೇಕಾದ ಪ್ರಪಂಚ ಇದು, ಏನು ಮಾಡೋದು.

ಪ್ರಶ್ನೆ: ಇಲ್ಲಿನ ಅಂಗಡಿಯೊಂದರಲ್ಲಿ 1964ರ ಗಿಬ್ಸನ್ ಇಎಸ್-335 ಇದೆ. ಕ್ಲಾಪ್ಟನ್ ಗಿಟಾರಿನ ನಂಬರಿಗೆ ಇದರ ನಂಬರ್ ತೀರಾ ಹತ್ತಿರ, ಒಂದೇ ದಿನ ತಯಾರಾದದ್ದು ಅಂತ ಹೇಳಿ ಬೆಲೆ ಏರಿಸಿದ್ದಾರೆ. ಕೊಳ್ಳಲೇ?
– ಹಾಸನದವರು, ಸದ್ಯ ಲಂಡನ್

ಉತ್ತರ: ದನಿ ಇಷ್ಟವಾದರೆ ಗಿಟಾರಿನ ಬೆಲೆ ಕೊಡಿ. ನಂಬರಿಗೆ ಬಿಡಿಗಾಸು ಕೊಡಬೇಡಿ. ಅರವತ್ತರ ದಶಕದಲ್ಲಿ ಗಿಬ್ಸನ್ ಕಂಪನಿ ನಂಬರುಗಳನ್ನು ಶಿಸ್ತಿನಿಂದ ಹಾಕಲಿಲ್ಲ. ಒಂದೇ ನಂಬರ್ ಬೇರೆ ಬೇರೆ ವರ್ಷದ ಗಿಟಾರುಗಳ ಮೇಲೆ ಬಿದ್ದಿದೆ. ಹಾಗಿರುವಾಗ ಪಕ್ಕದ ನಂಬರ್ ಎಂದರೆ ಒಂದೇ ದಿನ ತಯಾರಾದದ್ದು ಅಂತ ಹೇಗೆ ಹೇಳೋದು? ಫೆಂಡರ್ ಕಂಪನಿಯದು ಇನ್ನೂ ಸೊಗಸು. ನಂಬರ್ ಒತ್ತಿದ ಪಟ್ಟಿಗಳು ಡಬ್ಬಿಯಲ್ಲಿ ಇರುತ್ತಿದ್ದವು, ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ಕ್ಲಾಪ್ಟನ್ ಅವರ 335 ಅವರು ಯಾರ್ಡ್‌ಬರ್ಡ್ಸ್ ಬ್ಯಾಂಡಿನಲ್ಲಿದ್ದಾಗ ಕೊಂಡದ್ದು. ಹತ್ತಿರ ಹತ್ತಿರ ನಲವತ್ತು ವರ್ಷ ಜೊತೆಗಿಟ್ಟುಕೊಂಡಿದ್ದರು. 2004ರಲ್ಲಿ ಅದಕ್ಕೆ 8,47,500 ಡಾಲರ್ ಬಂದದ್ದು ಅವರು ನುಡಿಸಿದ್ದಕ್ಕೆ. ನಿಮ್ಮ ಅಂಗಡಿಯದನ್ನು ಅವರು ಮುಟ್ಟಿಲ್ಲ.

ಪ್ರಶ್ನೆ: ನಮ್ಮ ತೋಟದಲ್ಲಿ ಬೀಟೆ ಮರಗಳಿವೆ. ಈ ಹಳೇ ಗಿಟಾರುಗಳಲ್ಲಿ ನಮ್ಮ ಕಡೆಯ ಬೀಟೆ ಇದೆಯಾ?
– ಕಾಫಿ ಬೆಳೆಗಾರ, ಕೊಡಗು

ಉತ್ತರ: ಕ್ಲಾಪ್ಟನ್ ಅವರ 1964ರ 335ರ ಕಾಲಕ್ಕೆ ನೆಕ್ಕಿನ ಮೇಲೆ ಬೆರಳೊತ್ತುವ ಹಲಗೆಗೆ, ಅಂದರೆ ಫ್ರೆಟ್‌ಬೋರ್ಡಿಗೆ ಬ್ರೆಜಿಲ್ ದೇಶದ ಬೀಟೆ ಬಳಸುತ್ತಿದ್ದರು. ಬ್ಲ್ಯಾಕಿ, ಬ್ರೌನಿ ಎರಡರ ನೆಕ್ಕೂ ಮೇಪಲ್, ಅಲ್ಲಿ ಬೀಟೆಯೇ ಇಲ್ಲ. ಅರವತ್ತರ ದಶಕದ ಕೊನೆಗೆ ಬ್ರೆಜಿಲ್ ದಿಮ್ಮಿ ಸಿಗೋದು ಕಷ್ಟವಾದ ಮೇಲೆ ಅಮೆರಿಕದ ಗಿಟಾರ್ ಕಂಪನಿಗಳು ನಮ್ಮ ದಕ್ಷಿಣ ಭಾರತದ ಬೀಟೆ ಕಡೆ ತಿರುಗಿದವು. ಪತ್ತೇದಾರರಿಗೆ ಇದು ಒಳ್ಳೇ ಸುಳಿವು. 1959ರ ಅಸಲಿ ಲೆಸ್ ಪಾಲ್ ಅಂತ ಹೇಳಿ, ಫ್ರೆಟ್‌ಬೋರ್ಡ್ ನಮ್ಮ ಬೀಟೆಯದಾಗಿದ್ದರೆ, ಅದನ್ನು ಆಮೇಲೆ ಬದಲಿಸಿದ್ದಾರೆ ಅಥವಾ ಗಿಟಾರೇ ನಕಲಿ.

ಪ್ರಶ್ನೆ: ನಮ್ಮ ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದರು. ಅವರು ತಂದ ಎಲೆಕ್ಟ್ರಿಕ್ ಗಿಟಾರ್ ಮನೆಯಲ್ಲಿದೆ. ಹೆಸರು ಅಳಿಸಿಹೋಗಿದೆ. ಯಾವ ಕಾಲದ್ದು ಅಂತ ತಿಳಿಯೋದು ಹೇಗೆ?
– ಗೃಹಿಣಿ, ಮಂಗಳೂರು

ಉತ್ತರ: ಕ್ಲಾಪ್ಟನ್ ಗಿಟಾರಿಗೆ ಮಾಡುವುದನ್ನೇ ಮಾವನವರ ಗಿಟಾರಿಗೂ ಮಾಡೋಣ. ಹಿಂದಿನ ಮುಚ್ಚಳ ಅಥವಾ ಮುಂದಿನ ಪ್ಲಾಸ್ಟಿಕ್ ಹಲಗೆಯ ಸ್ಕ್ರೂ ಬಿಚ್ಚಿ. ವಾಲ್ಯೂಮ್ ನಾಬಿನ ಕೆಳಗೆ ಬಿಲ್ಲೆಯಾಕಾರದ ಲೋಹದ ಡಬ್ಬಿ ಇರುತ್ತದೆ, ನಾವು ಪಾಟ್ ಅನ್ನುತ್ತೇವೆ. ಅದರ ಬೆನ್ನಿನ ಮೇಲೆ ಅಂಕಿ ಒತ್ತಿರುತ್ತಾರೆ. ಅಮೆರಿಕದ್ದಾದರೆ ಮೊದಲ ಮೂರು ಅಂಕಿ ಪಾಟ್ ಮಾಡಿದ ಕಂಪನಿಯದು. 304 ಎಂದರೆ ಸ್ಟ್ಯಾಕ್‌ಪೋಲ್, 137 ಎಂದರೆ ಸಿಟಿಎಸ್. ಆಮೇಲಿನದು ವರ್ಷ, ಕೊನೆಯ ಎರಡು ಅಂಕಿ ವಾರ. ಐವತ್ತರ ದಶಕದ ಗಿಟಾರಿನಲ್ಲಿ 304632 ಅಂತ ಇದ್ದರೆ, ಸ್ಟ್ಯಾಕ್‌ಪೋಲ್ ಕಂಪನಿ 1956ರ 32ನೇ ವಾರದಲ್ಲಿ ಮಾಡಿದ ಪಾಟ್. ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಪಾಟ್ ಬದಲಿಸಿಲ್ಲದಿದ್ದರೆ. ಕಾರ್ಖಾನೆಯಲ್ಲಿ ಪಾಟ್‌ಗಳು ತಿಂಗಳುಗಟ್ಟಲೆ ಬಿದ್ದಿರುತ್ತಿದ್ದವು, ಹಾಗಾಗಿ ಗಿಟಾರ್ ಅದಕ್ಕಿಂತ ಈಚಿನದಾಗಿರಬಹುದು.

ಬದಲಿಸಿದ್ದಾರಾ ಅಂತ ತಿಳಿಯಲು ಬೆಸುಗೆ ನೋಡಿ. ಹಳೇ ಬೆಸುಗೆ ಮಂಕಾಗಿ, ಒಂದೇ ಗುಡ್ಡೆಯಾಗಿ ಕೂತಿರುತ್ತದೆ. ಒಂದರ ಮೇಲೆ ಒಂದು ಗುಡ್ಡೆ, ಪಕ್ಕದಲ್ಲಿ ಕರಗಿದ ತಂತಿಯ ಕವಚ ಕಂಡರೆ ನಮ್ಮಂಥ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಅಂಕಿಗಳೇ ಈ ಲೆಕ್ಕಕ್ಕೆ ಬರದಿದ್ದರೆ ಬೇಸರ ಬೇಡ. ಅರವತ್ತರ ದಶಕದಲ್ಲಿ ಜಪಾನಿನ ಟೈಸ್ಕೋ, ಗುಯಾಟೋನ್‌ನಂಥ ಕಂಪನಿಗಳ ಗಿಟಾರುಗಳು ದೇಶ ದೇಶಕ್ಕೆ ಹೋಗಿವೆ. ಹಡಗಿನವರ ಕೈಗೆ ಅವು ಸುಲಭವಾಗಿ ಸಿಗುತ್ತಿದ್ದವು. ಅವುಗಳಲ್ಲೂ ಚೆನ್ನಾಗಿ ನುಡಿಯುವಂಥವು ಇವೆ.

ಮಾವನವರು ಗಿಟಾರ್ ಹಿಡಿದ ಹಳೇ ಫೋಟೋ ಇದ್ದರೆ, ಹಿಂದೆ ತಾರೀಖು ಬರೆದಿದೆಯಾ ನೋಡಿ. ಅದು ಪಾಟಿನ ಅಂಕಿಯಷ್ಟೇ ಮುಖ್ಯ. ಕರಾವಳಿಯ ಹವೆಗೆ ಸ್ಕ್ರೂ ತುಕ್ಕು ಹಿಡಿದು ಬಿಗಿದಿರುತ್ತದೆ, ಬಲ ಹಾಕಿ ತಲೆ ಮುರಿಯಬೇಡಿ. ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ರಾತ್ರಿ ಹಾಗೇ ಇಡಿ. ಬೆಸುಗೆ ಮಾತ್ರ ಬಿಡಿಸಬೇಡಿ. ಪಾಟಿನ ಬೆನ್ನು, ಹೆಡ್‌ಸ್ಟಾಕಿನ ಹಿಂದು ಮುಂದು, ಪಿಕಪ್ ಇಷ್ಟರ ಫೋಟೋ ತೆಗೆದು ಪತ್ರಿಕೆಗೆ ಕಳಿಸಿ, ನಾನೂ ನೋಡುತ್ತೇನೆ.